ಬದಲಿ ಸಿಗದ ಕರ್ತವ್ಯ

1979ರ ‘ಕ್ರೇಮರ್ ವರ್ಸಸ್ ಕ್ರೇಮರ್’ ಚಿತ್ರದ ಟೆಡ್ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದರ ಉದ್ಯೋಗಿ. ಹೆಂಡತಿ ಜೊವಾನಾ ಮನೆ ಬಿಟ್ಟ ಮೇಲೆ ಮಗ ಬಿಲ್ಲಿಯನ್ನು ಒಬ್ಬನೇ ಸಾಕುತ್ತಾನೆ. ಕೆಲಸ ಕಳೆದುಕೊಂಡು, ಕಡಿಮೆ ಸಂಬಳದ ಇನ್ನೊಂದನ್ನು ತರಾತುರಿಯಲ್ಲಿ ಹಿಡಿಯುತ್ತಾನೆ. ಇದನ್ನು ದುಡಿಮೆ, ತಂದೆತನ ಎಂಬ ಎರಡು ಧರ್ಮಗಳ ಸಮತೋಲನ ಎನ್ನುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಟೆಡ್‌ನ ಕುರ್ಚಿಯಲ್ಲಿ ಮರುದಿನವೇ ಬೇರೊಬ್ಬ ಕೂರಬಹುದು. ಬಿಲ್ಲಿಗೆ ಅವನೇ ಬೇಕು. ಬದಲಿ ಸಿಗುವುದನ್ನೂ ಸಿಗದ್ದನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಸಂಬಳವಿಲ್ಲದೆ ಮಗುವಿಗೆ ಊಟವೆಲ್ಲಿಂದ ಎನ್ನಬಹುದು. ನಿಜ, ಆದರೆ ಆಗ ದುಡಿಮೆ ಮಗುವಿಗಾಗಿ ಇರುವ ಸಾಧನವೇ ಹೊರತು ಅದರ ಪ್ರತಿಸ್ಪರ್ಧಿಯಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯದು: ತಾಯಂದಿರು ಸದ್ದಿಲ್ಲದೆ ಮಾಡಿದ್ದನ್ನೇ ಗಂಡಸು ಮಾಡಿದರೆ ಅದು ತ್ಯಾಗವೇ? ಖಂಡಿತ ಅಲ್ಲ. ಆ ಹೊರೆಯಡಿ ತನ್ನನ್ನೇ ಕಳೆದುಕೊಂಡ ಜೊವಾನಾಳೂ ಬಿಲ್ಲಿಗೆ ಬದಲಿಯಿಲ್ಲದವಳೇ. ಮಗ ಯಾರ ಬಳಿ ಇರಬೇಕೆಂಬ ಮೊಕದ್ದಮೆಯಲ್ಲಿ ನ್ಯಾಯಾಲಯ ಅವನನ್ನು ಅವಳಿಗೆ ಕೊಡುತ್ತದೆ. ಅವನನ್ನು ಟೆಡ್ ಬಳಿಯೇ ಬಿಡಲು ತೀರ್ಮಾನಿಸುವವಳು ಅವಳೇ.