ಹುಷಾರು ಬೇರೆ, ವಿವೇಕ ಬೇರೆ

ನಮ್ಮ ಕಡೆಯ ಕ್ರೈಸ್ತರ ಮಾತಿನಲ್ಲಿ ಈಚೆಗೆ ಹೆಚ್ಚು ಕೇಳಿಬರುವ ಪದ ‘ಹುಷಾರು’. ಮಕ್ಕಳು ಓದಲು ಹೊರಗೂರಿಗೆ ಹೊರಟರೆ ಹುಷಾರು, ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡರೆ ಹುಷಾರು, ವಾಟ್ಸಾಪಿನಲ್ಲಿ ಏನಾದರೂ ಹಂಚಿಕೊಂಡರಂತೂ ಇನ್ನೂ ಹುಷಾರು. 2021ರ ಡಿಸೆಂಬರಿನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಗಿ, ಮರುವರ್ಷ ಕಾಯ್ದೆಯಾದಾಗ ಈ ಪದಕ್ಕೆ ಬಲ ಬಂತು. 2023ರ ಜೂನಿನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿದ ಮೇಲೂ ಬಲ ತಗ್ಗಲಿಲ್ಲ. ಹೀಗೆ ಎಚ್ಚರಿಸುವ ಹಿರಿಯರು ಬೈಬಲ್ಲೇ ಇದನ್ನು ಹೇಳುತ್ತದೆ ಎನ್ನುತ್ತಾರೆ. ಯೇಸು ಶಿಷ್ಯರಿಗೆ ಕೊಟ್ಟ ಸರ್ಪ ಮತ್ತು ಪಾರಿವಾಳದ ಹೋಲಿಕೆಯನ್ನು ನೆನಪಿಸುತ್ತಾರೆ. ಆ ಮಾತು ಊರೂರಿಗೆ ಹೊರಟು ನಿಂತವರಿಗೆ ಹೇಳಿದ್ದು, ಬಾಗಿಲು ಹಾಕಿಕೊಂಡು ಕೂತವರಿಗಲ್ಲ ಎಂಬುದು ಮಾತ್ರ ನೆನಪಾಗುವುದಿಲ್ಲ.

ವಿವೇಕ ಎಂಬ ಪದದ ಬೇರಿನಲ್ಲಿರುವುದು ಬೇರ್ಪಡಿಸುವ ಅರ್ಥ. ಹೊಸ ಒಡಂಬಡಿಕೆಯ ಗ್ರೀಕಿನ ‘ಡಿಯಾಕ್ರಿಸಿಸ್’ ಕೂಡ ಅದೇ. ಮೊರದಲ್ಲಿ ಹಾಕಿ ಕೇರುವುದು, ಕಲ್ಲು ಬೇರೆ ಕಾಳು ಬೇರೆ ಮಾಡುವುದು. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವಂತೆ ಥೆಸಲೋನಿಕದವರಿಗೆ ಸಲಹೆ ಕೊಡುವಾಗ ಸಂತ ಪೌಲ ಬಳಸುವ ಕ್ರಿಯಾಪದ ಲೋಹವನ್ನು, ನಾಣ್ಯವನ್ನು ಒರೆಗೆ ಹಚ್ಚುವವರದ್ದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಾಜು ಕಂಪ್ಯೂಟರಿಗೆ ಬಂದಿದ್ದರೂ ರೀಲರ್‌ಗಳು ಗೂಡನ್ನು ಕೈಗೆತ್ತಿಕೊಂಡು ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಬೆಲೆ ಕೂಗುವುದಿಲ್ಲ. ‘ಹುಷಾರು’ ಎನ್ನುವವರು ಗೂಡಿಗೆ ಕೈ ಹಾಕದೆಯೇ ಮಾರುಕಟ್ಟೆಯಿಂದ ಹೊರಟುಬಿಡುತ್ತಾರೆ. ನಷ್ಟವಾಗುವುದಿಲ್ಲ, ನಿಜ. ನೂಲೂ ಸಿಗುವುದಿಲ್ಲ.

ಇದನ್ನೆಲ್ಲ ಬರೆಯುವುದು ಸುಲಭ. ಕಷ್ಟವಾಗುವುದು ಕಪಾಲಬೆಟ್ಟದ ವಿಷಯಕ್ಕೆ ಬಂದಾಗ.

ಕನಕಪುರ ತಾಲ್ಲೂಕಿನ ಹಾರೋಬೆಲೆ ಅರ್ಕಾವತಿಯ ದಂಡೆಯ ಊರು. ಬಹುಪಾಲು ಮನೆಗಳು ಕಥೋಲಿಕರವು. ಊರಿನವರು ತಮ್ಮ ವಿಶ್ವಾಸದ ಬೇರನ್ನು 17ನೇ ಶತಮಾನದ ಮೈಸೂರು ಮಿಷನ್ನಿನವರೆಗೆ, ಅಂದರೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬರೆದ ಲಿಯೊನಾರ್ದೊ ಚಿನ್ನಮಿಯಂಥ ಜೆಸ್ವಿತರವರೆಗೆ ಎಳೆಯುತ್ತಾರೆ. ಪಕ್ಕದ ಬೆಟ್ಟಕ್ಕೆ ತಪಸ್ಸುಕಾಲದಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಹೇಳಿಕೊಂಡು ಹತ್ತುವುದು ರೂಢಿ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೆ ಅರ್ಥ ಕಪಾಲ, ಹಾಗಾಗಿ ಅವರಿಗೆ ಅದು ಕಪಾಲಬೆಟ್ಟ. 2019ರ ಡಿಸೆಂಬರ್ 25ರಂದು ಅಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದರು. ಜಾಗ ಸರ್ಕಾರದಿಂದ ಮಂಜೂರಾಗಿದ್ದ 10 ಎಕರೆ. ಮೂರು ವಾರ ಕಳೆಯುವುದರೊಳಗೆ, 2020ರ ಜನವರಿ 13ರಂದು, ಕನಕಪುರದಲ್ಲಿ ‘ಕನಕಪುರ ಚಲೋ’ ನಡೆಯಿತು. ಅದು ಮುನೇಶ್ವರನ ಬೆಟ್ಟ ಎಂದರು ವಿರೋಧಿಸಿದವರು. ಇವರಿಗೆ ಕಪಾಲ, ಅವರಿಗೆ ಕಪಾಲಿ. ಒಂದು ಗುಣಿಸಿನ ನಡುವೆ ಬೆಟ್ಟ ನಿಂತುಬಿಟ್ಟಿತು.

ರಾಜಕೀಯದ ಲೆಕ್ಕಾಚಾರ ಎರಡೂ ಕಡೆ ಇತ್ತು. ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಚಿಕ್ಕದು: ಬೈಬಲ್ಲನ್ನು ಕೈಯಲ್ಲಿ ಹಿಡಿದ ಒಬ್ಬ ಕ್ರೈಸ್ತ ಆ ಡಿಸೆಂಬರಿನಲ್ಲಿ, ಆ ಜನವರಿಯಲ್ಲಿ, ಏನನ್ನು ಬಯಸಬೇಕಿತ್ತು?

ಪೌಲನಿಗೆ ಇಂಥದೇ ಒಂದು ತಗಾದೆ ಕೊರಿಂಥದಲ್ಲಿ ಎದುರಾಗಿತ್ತು. ಅಲ್ಲಿನ ಪೇಟೆಗೆ ಬರುತ್ತಿದ್ದ ಮಾಂಸದಲ್ಲಿ ಗುಡಿಗಳಲ್ಲಿ ಬಲಿ ಕೊಟ್ಟದ್ದೂ ಇರುತ್ತಿತ್ತು. ತಿನ್ನಬಹುದೇ? ಹೊಸ ವಿಶ್ವಾಸಿಗಳಲ್ಲಿ ಎರಡು ಬಣ. ಪೌಲನ ತೀರ್ಪು ಯಾವ ಬಣಕ್ಕೂ ಪೂರ್ತಿ ಹಿತವಾಗಲಿಲ್ಲ. ವಿಗ್ರಹದಲ್ಲಿ ಏನೂ ಇಲ್ಲವೆಂದು ನಿಮಗೆ ಗೊತ್ತು, ತಿನ್ನುವ ಹಕ್ಕು ನಿಮಗಿದೆ ಎಂದು ಒಪ್ಪಿದ. ಪೇಟೆಯಲ್ಲಿ ಕೊಂಡದ್ದನ್ನು, ಅನ್ಯಧರ್ಮದವರು ಊಟಕ್ಕೆ ಕರೆದಾಗ ಬಡಿಸಿದ್ದನ್ನು ಕೆದಕಿ ಕೇಳದೆ ತಿನ್ನಿ ಎಂದ. ಆದರೆ ನಿಮ್ಮ ಊಟದಿಂದ ಪಕ್ಕದವನ ಮನಸ್ಸಾಕ್ಷಿ ಎಡವುವುದಾದರೆ ಬಿಡಿ ಎಂದೂ ಹೇಳಿದ. ಹಕ್ಕು ಇದೆಯೇ ಎಂಬಲ್ಲಿಗೆ ನಾವು ನಿಲ್ಲಿಸುವ ಪ್ರಶ್ನೆಯನ್ನು ಅವನು ಅಲ್ಲಿಂದ ಶುರು ಮಾಡುತ್ತಾನೆ.

ಇದನ್ನು ಕಪಾಲಬೆಟ್ಟಕ್ಕೆ ಹಾಗೆಯೇ ಅಂಟಿಸಿದರೆ ಉತ್ತರ ಬೇಗ ಸಿಗುತ್ತದೆ: ಪ್ರತಿಮೆ ಬೇಡ. ಅಷ್ಟು ಬೇಗ ಸಿಗುವ ಉತ್ತರ ನನಗೆ ಅನುಮಾನ ತರಿಸುತ್ತದೆ. ಪೌಲ ಬಲವಂತನಿಗೆ, ಬಲಹೀನನ ಸಲುವಾಗಿ ಬಿಟ್ಟುಕೊಡು ಎಂದವನು. ಇಲ್ಲಿ ಬಲಹೀನರು ಯಾರು? ಹಾರೋಬೆಲೆಯೊಳಗೆ ಕ್ರೈಸ್ತರೇ ಹೆಚ್ಚು. ಊರಿನ ಗಡಿ ದಾಟಿದರೆ ಬೆರಳೆಣಿಕೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಕ್ರೈಸ್ತರು ನೂರಕ್ಕೆ ಎರಡೂ ಇಲ್ಲ. ಸಾವಿರಾರು ಜನರ ಮೆರವಣಿಗೆಯನ್ನು ‘ಎಡವುವ ತಮ್ಮ’ ಎಂದು ಕರೆಯುವುದು ಪೌಲನನ್ನು ತಿರುಚಿದಂತೆ. ಹೆದರಿ ಬಿಟ್ಟುಕೊಟ್ಟದ್ದಕ್ಕೆ ಪ್ರೀತಿ ಎಂದು ಹೆಸರಿಡುವುದೂ ಸುಳ್ಳೇ.

ಹಾಗಾದರೆ ಭಯವನ್ನೂ ವಿವೇಕವನ್ನೂ ಬೇರ್ಪಡಿಸುವ ಮೊರ ಯಾವುದು? ನನಗೆ ಸಿಕ್ಕಿದ್ದು ಜೆಸ್ವಿತ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲನ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ 16ನೇ ಶತಮಾನದ ಪುಸ್ತಕದಲ್ಲಿ. ಮನಸ್ಸು ಕುಗ್ಗಿ ಕತ್ತಲೆ ಕವಿದಿರುವಾಗ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬಾರದು ಎಂಬುದು ಅವನ ಹೆಸರಾದ ಸೂತ್ರ. ಜನವರಿಯ ಭಯದಲ್ಲಿ ‘ನಮಗೆ ಬೆಟ್ಟವೇ ಬೇಡ’ ಎಂದವರಿಗೆ ಇದು ತಕ್ಕ ಉತ್ತರ. ಆದರೆ ಅದೇ ಪುಸ್ತಕದ ಆರಂಭದಲ್ಲಿ, ಅಷ್ಟಾಗಿ ಯಾರೂ ಎತ್ತಿ ಆಡದ ಇನ್ನೊಂದು ಎಚ್ಚರಿಕೆ ಇದೆ: ಮನಸ್ಸು ಉಕ್ಕಿ ಹರಿಯುವಾಗ ಅವಸರದಲ್ಲಿ ಹರಕೆ ಹೊರಬೇಡಿ. ಕ್ರಿಸ್ಮಸ್ಸಿನ ದಿನ, ವೇದಿಕೆ, ಕ್ಯಾಮೆರಾ, ಇಷ್ಟು ಅಡಿ ಎತ್ತರ ಎಂಬ ಹೆಮ್ಮೆ. ಇದು ಉಕ್ಕಿನ ಕಾಲವಲ್ಲದೆ ಇನ್ನೇನು? ಶಿಲುಬೆ ಹೊತ್ತವನ ಸ್ಮರಣೆಗೆ ಬರಿಗಾಲಲ್ಲಿ ಹತ್ತುತ್ತಿದ್ದ ಬೆಟ್ಟಕ್ಕೆ ಆ ಎತ್ತರ ಏಕೆ ಬೇಕಾಯಿತು ಎಂದು ನಿಧಾನವಾಗಿ ಕೇಳಿಕೊಳ್ಳಲು ಆ ದಿನ ಪುರುಸೊತ್ತು ಇರಲಿಲ್ಲ.

ಇನ್ನೊಂದು ಸಂಗತಿ. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಎಂಬ ವಿವಾದ ಎದ್ದಾಗ ಜೆರುಸಲೇಮಿನಲ್ಲಿ ಸಭೆ ಸೇರಿ ಜಗಳವಾಡಿದ್ದನ್ನು ‘ಪ್ರೇಷಿತರ ಕಾರ್ಯಕಲಾಪಗಳು’ 15ನೇ ಅಧ್ಯಾಯ ಮುಚ್ಚಿಡುವುದಿಲ್ಲ. ಕೊನೆಗೆ ಬರೆದ ಪತ್ರದಲ್ಲಿ ಆ ತೀರ್ಮಾನ ಪವಿತ್ರಾತ್ಮನದ್ದೂ ಹೌದು, ತಮ್ಮದೂ ಹೌದು ಎನ್ನುತ್ತಾರೆ. ವಿವೇಚನೆ ಒಬ್ಬರ ತಲೆಯೊಳಗಿನ ಕೆಲಸವಲ್ಲ, ಕೂತು ಆಡುವ ಕೆಲಸ. ಯೆರೆಮೀಯ ಬಾಬಿಲೋನಿನ ಸೆರೆವಾಸಿಗಳಿಗೆ ಪತ್ರ ಬರೆದು ಮನೆ ಕಟ್ಟಿ, ತೋಟ ಮಾಡಿ, ಆ ಪರನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಕನಕಪುರ ನಮಗೆ ಪರನಗರವೂ ಅಲ್ಲ. ರಾಗಿಮುದ್ದೆ, ರೇಷ್ಮೆಹುಳು, ಸೀಮೆಹಸು, ಎಲ್ಲ ಒಂದೇ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದಾಗ ಗೊಣಗಿದ್ದೂ ಒಟ್ಟಿಗೇ. ಮುನೇಶ್ವರನಿಗೆ ನಡೆದುಕೊಳ್ಳುವ ಪಕ್ಕದ ಹಳ್ಳಿಯ ಹಿರಿಯರನ್ನು ಕರೆದು, ಚಾಪೆ ಹಾಸಿ, ಬೆಟ್ಟದ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಮೊದಲೇ ಕೇಳುವುದು ಹುಷಾರುತನವೂ ಅಲ್ಲ, ಶರಣಾಗತಿಯೂ ಅಲ್ಲ. ಅವರು ಬೇಡ ಎನ್ನಬಹುದಿತ್ತು. ಇನ್ನೂ ಚಿಕ್ಕದಾಗಿ ಮಾಡಿ ಎನ್ನಬಹುದಿತ್ತು. ಹೊರಗಿನಿಂದ ಮೆರವಣಿಗೆ ಬಂದಾಗ ಅವರೇ ಅಡ್ಡ ನಿಲ್ಲಲೂಬಹುದಿತ್ತು.

ಪಿಎಚ್‌ಡಿ ಹಾಸ್ಟೆಲಿನಲ್ಲಿ ಆಯುಧಪೂಜೆಯ ಪ್ರಸಾದ ಹಂಚುವಾಗ ಕೊಡುವ ಗೆಳೆಯ ನನ್ನ ಮುಂದೆ ಒಂದು ಕ್ಷಣ ತಡೆಯುತ್ತಾನೆ. ‘ನೀವು ತಿಂತೀರಲ್ವಾ?’ ಕೊರಿಂಥದ ಪತ್ರ ಎರಡು ಸಾವಿರ ವರ್ಷ ದಾಟಿ ಬಾಳೆಲೆಯ ತುಂಡಿನ ಮೇಲೆ ಬಂದು ಕೂರುತ್ತದೆ. ನಾನು ಕೈಚಾಚುತ್ತೇನೆ. ನಮ್ಮಲ್ಲೇ ಬೇಡ ಎನ್ನುವವರಿದ್ದಾರೆ, ಅವರ ಕಾರಣವನ್ನು ಗೌರವಿಸುತ್ತೇನೆ. ಆದರೆ ಅವನು ಕೇಳಿದ್ದು ನನಗೆ ಇಷ್ಟವಾಗುತ್ತದೆ. ಕೇಳದೆ ಕೊಟ್ಟಿದ್ದರೆ, ಅಥವಾ ಕೇಳದೆ ದಾಟಿ ಹೋಗಿದ್ದರೆ, ನಮ್ಮಿಬ್ಬರ ನಡುವೆ ಏನೋ ಕಡಿಮೆಯಾಗುತ್ತಿತ್ತು.

ದೊಡ್ಡಪ್ಪ ಇದ್ಯಾವುದನ್ನೂ ಒಪ್ಪುವುದಿಲ್ಲ. ‘ಓದಿದೋರು ನೀವು, ಎಲ್ಲಕ್ಕೂ ಎರಡು ಪಕ್ಕ ಮಾಡ್ತೀರಿ. ಪ್ರತಿಮೆ ನಿಂತಿದ್ರೆ ನಮ್ಮ ಮಕ್ಕಳು ತಲೆ ಎತ್ಕೊಂಡು ಓಡಾಡೋರು’ ಎನ್ನುತ್ತಾರೆ. 114 ಅಡಿಯ ಪ್ರತಿಮೆಯ ಕೆಳಗೆ ನಿಂತವರೂ ತಲೆ ಎತ್ತಿಯೇ ನೋಡಬೇಕು ದೊಡ್ಡಪ್ಪ, ಅದು ಬೇರೆ ಥರದ ತಲೆ ಎತ್ತುವುದು ಎಂದರೆ ನಗುತ್ತಾರೆ, ಸೋಲುವುದಿಲ್ಲ. ಅವರ ಮಾತಿನಲ್ಲಿರುವ ನೋವು ನನ್ನ ಯಾವ ಗ್ರೀಕ್ ಪದಕ್ಕೂ ಸಿಕ್ಕಿಲ್ಲ. ಮುಂದಿನ ತಪಸ್ಸುಕಾಲಕ್ಕೆ ಊರಿಗೆ ಬಾ, ಬೆಟ್ಟ ಹತ್ತುತ್ತಾ ಮಾತಾಡೋಣ ಎಂದಿದ್ದಾರೆ.