ವಂಶಪರೀಕ್ಷೆಯೂ ಶರಣರ ಕುಲವಿಚಾರವೂ

ತನ್ನ ಮೂಲವನ್ನು ಅರಿಯಬೇಕೆಂಬ ಹಂಬಲವು ಮಾನವನಿಗೆ ಸಹಜವಾದುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದೂ, ಮನೆತನದ ಹಿರಿಯರ ನಡೆನುಡಿಗಳನ್ನು ಮಕ್ಕಳಿಗೆ ತಿಳಿಸುವುದೂ ಈ ಹಂಬಲದ ಫಲಗಳೇ ಆಗಿವೆ. ಇದರಲ್ಲಿ ದೋಷವಿಲ್ಲ. ಆದರೆ ಮೂಲವನ್ನು ಅರಿಯುವುದು ಬೇರೆ, ಆ ಮೂಲದ ಬಲದಿಂದ ತಾನು ಇತರರಿಗಿಂತ ಹಿರಿಯನೆಂದು ಬಗೆಯುವುದು ಬೇರೆ. ಮೊದಲನೆಯದು ಅರಿವು, ಎರಡನೆಯದು ಕುಲಮದ. ಹಿಂದೆ ವಂಶಾವಳಿಯ ಓಲೆಗಳನ್ನು ಆಶ್ರಯಿಸಿದ್ದ ಈ ಮದವು ಇಂದು ವಿಜ್ಞಾನದ ಮರೆಯಲ್ಲಿಯೂ ತಲೆಯೆತ್ತಬಲ್ಲದು. ತುಸು ಎಂಜಲನ್ನು ಪರೀಕ್ಷಾಲಯಕ್ಕೆ ಕಳುಹಿಸಿ, ಒಂದೇ ಅಡ್ಡಹೆಸರಿನವರೆಲ್ಲರೂ ಒಬ್ಬನೇ ಮೂಲಪುರುಷನ ಸಂತಾನವೇ ಎಂದು ಶೋಧಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ರೂಢಿಯಾಗಿದೆ. ಈ ಡಿ.ಎನ್.ಎ. ಪರೀಕ್ಷೆಯು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಸದ್ಭಕ್ತರು ವಿಚಾರಿಸಿ ತಿಳಿಯುವುದು ಯುಕ್ತವಾಗಿದೆ.

ದೇಹದ ಜೀವಕೋಶಗಳಲ್ಲಿ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿವೆ. ಅವುಗಳಲ್ಲಿ ವೈ ಎಂದು ಕರೆಯಲ್ಪಡುವ ಒಂದು ಎಳೆಯು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಅಡ್ಡಹೆಸರು ಕೂಡ ಅನೇಕ ಸಮಾಜಗಳಲ್ಲಿ ತಂದೆಯಿಂದಲೇ ಮಗನಿಗೆ ಬರುವುದು. ಹೆಸರೂ ಎಳೆಯೂ ಒಂದೇ ದಾರಿಯಲ್ಲಿ ಸಾಗುವುದರಿಂದ, ಒಂದೇ ಹೆಸರಿನ ಇಬ್ಬರು ಪುರುಷರಲ್ಲಿ ಈ ಎಳೆಯ ಗುರುತುಗಳು ಕೂಡಿಬಂದರೆ ಅವರು ಒಂದೇ ಪಿತೃಮೂಲದವರೆಂದು ಊಹಿಸಬಹುದು. ಪರೀಕ್ಷೆಯ ತತ್ತ್ವವು ಇಷ್ಟೇ. ತಾಯಿಯ ತಾಯಿ, ಅವಳ ತಾಯಿ ಎಂಬ ಸರಣಿಯನ್ನು ತಿಳಿಯಲು ಮೈಟೊಕಾಂಡ್ರಿಯದ ಡಿ.ಎನ್.ಎ. ಎಂಬ ಬೇರೊಂದು ಸಾಧನವಿದೆ.

ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯಾನ್ ಸೈಕ್ಸ್ ಅವರು ತಮ್ಮ ಹೆಸರನ್ನೇ ಈ ಪರೀಕ್ಷೆಗೆ ಒಡ್ಡಿದರು. ಕ್ಯಾಥರೀನ್ ಇರ್ವೆನ್ ಅವರೊಡನೆ 2000ನೆಯ ಇಸವಿಯಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಅವರು ಸೈಕ್ಸ್ ಎಂಬ ಹೆಸರಿನ 48 ಪುರುಷರನ್ನು ಪರೀಕ್ಷಿಸಿದ್ದರು. ಅವರಲ್ಲಿ 21 ಜನರಲ್ಲಿ ಒಂದೇ ಗುರುತು ಕಂಡುಬಂದಿತು. ಸುಮಾರು 700 ವರ್ಷಗಳ ಹಿಂದಿನ ಒಬ್ಬ ಮೂಲಪುರುಷನಿಂದ ಆ ಹೆಸರು ಹರಿದು ಬಂದಿರಬಹುದೆಂದು ಇದರಿಂದ ತೋರಿತು. ಲೋಕವು ಈ ಫಲಿತಾಂಶದ ಒಂದು ಮುಖವನ್ನು ಮಾತ್ರ ಕಂಡು ಬೆರಗಾಯಿತು. ಅದರ ಇನ್ನೊಂದು ಮುಖವೂ ವಿಚಾರಾರ್ಹವಾದುದು: ಹೆಸರು ಒಂದೇ ಆದರೂ ಉಳಿದ 27 ಜನರಲ್ಲಿ ಆ ಗುರುತು ಇರಲಿಲ್ಲ. ದತ್ತು ಸ್ವೀಕಾರದಿಂದ, ತಾಯಿಯ ಮನೆತನದ ಹೆಸರನ್ನು ಹೊತ್ತುದರಿಂದ, ವಿವಾಹದ ಹೊರಗಿನ ಜನನದಿಂದ, ಇಂತಹ ನಾನಾ ಕಾರಣಗಳಿಂದ ಹೆಸರಿನ ದಾರಿ ಮತ್ತು ಎಳೆಯ ದಾರಿ ಬೇರೆಯಾಗುತ್ತವೆ. ಒಂದೊಂದು ತಲೆಮಾರಿನಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪವೇ ಹೆಚ್ಚು ಇಂತಹ ಬಿರುಕು ಬಿದ್ದರೂ ಸಾಕು, ಶತಮಾನಗಳು ಕಳೆಯುವಲ್ಲಿ ಒಂದು ಮನೆತನದ ಅರ್ಧದಷ್ಟು ಜನರು ಮೂಲದ ಎಳೆಯಿಂದ ಬೇರೆಯಾಗಿಬಿಡುತ್ತಾರೆ.

ಸಾಮಾನ್ಯರ ಮನೆಗಳಲ್ಲಿ ಮಾತ್ರ ಹೀಗಾಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. 1485ರಲ್ಲಿ ಯುದ್ಧಭೂಮಿಯಲ್ಲಿ ಮಡಿದ ಇಂಗ್ಲೆಂಡಿನ ಅರಸ ಮೂರನೆಯ ರಿಚರ್ಡನ ಅಸ್ಥಿಗಳು 2012ರಲ್ಲಿ ಲೆಸ್ಟರ್ ನಗರದಲ್ಲಿ ದೊರೆತವು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅವನ ಸೋದರಿಯ ಹೆಣ್ಣುಸಂತತಿಯವರೊಡನೆ ತಾಯಿಯ ಕಡೆಯ ಗುರುತು ಕೂಡಿಬಂದಿತು. ಆದರೆ ಓಲೆಪತ್ರಗಳ ಪ್ರಕಾರ ಅದೇ ಪಿತೃವಂಶಕ್ಕೆ ಸೇರಿದ ಇಂದಿನ ಪುರುಷರೊಡನೆ ವೈ ಎಳೆಯು ಕೂಡಿಬರಲಿಲ್ಲ. ಹಲವು ಶತಮಾನಗಳ ಆ ಸರಣಿಯಲ್ಲಿ ಎಲ್ಲಿಯೋ ಬಿರುಕು ಬಿದ್ದಿತ್ತು. ರಾಜವಂಶದ ಗತಿಯೇ ಹೀಗಿರುವಲ್ಲಿ ಶುದ್ಧವಂಶವೆಂಬ ಮಾತಿಗೆ ಆಧಾರವೆಲ್ಲಿ?

ಇನ್ನೊಂದು ಲೆಕ್ಕವೂ ಮನನಯೋಗ್ಯವಾದುದು. ಒಬ್ಬ ಮನುಷ್ಯನಿಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಏರುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ ಪೂರ್ವಜರ ಸ್ಥಾನಗಳು 1024 ಆಗುತ್ತವೆ. ಅಡ್ಡಹೆಸರಿನ ಪರೀಕ್ಷೆಯು ಕಾಣುವುದು ಅವರಲ್ಲಿ ಒಬ್ಬನನ್ನು ಮಾತ್ರ. ಉಳಿದ 1023 ಸ್ಥಾನಗಳಲ್ಲಿರುವ ಹಿರಿಯರು, ಅವರಲ್ಲಿಯೂ ಅರ್ಧದಷ್ಟು ತಾಯಂದಿರು, ಹೊತ್ತು ಹೆತ್ತು ಸಲಹಿದವರಾಗಿಯೂ ಆ ಲೆಕ್ಕದ ಹೊರಗೇ ಉಳಿಯುತ್ತಾರೆ. ಒಂದು ಹನಿಯನ್ನು ಕೈಯಲ್ಲಿ ಹಿಡಿದು ಇದೇ ಹೊಳೆಯೆನ್ನುವವನ ಜಾಣತನಕ್ಕೂ ಇದಕ್ಕೂ ಅಂತರವೆಷ್ಟು?

ಈ ಪರೀಕ್ಷೆಯಿಂದ ಸತ್ಯಕ್ಕೆ ಉಪಕಾರವಾಗಿಲ್ಲವೆಂದು ಹೇಳಲಾಗದು. ಅಮೆರಿಕದ ಮೂರನೆಯ ರಾಷ್ಟ್ರಾಧ್ಯಕ್ಷ ಥಾಮಸ್ ಜೆಫರ್ಸನ್ 1776ರಲ್ಲಿ ಮಾನವರ ಸಮಾನತೆಯನ್ನು ಸಾರುವ ಘೋಷಣೆಯನ್ನು ರಚಿಸಿದವನು. ಅವನ ಮನೆಯಲ್ಲಿಯೇ ದಾಸದಾಸಿಯರಿದ್ದರು. ಸ್ಯಾಲಿ ಹೆಮಿಂಗ್ಸ್ ಎಂಬ ದಾಸಿಯ ಮಕ್ಕಳಿಗೆ ಅವನೇ ತಂದೆಯೆಂಬ ಮಾತನ್ನು ಪ್ರತಿಷ್ಠಿತರು ಬಹುಕಾಲ ಅಲ್ಲಗಳೆದರು. 1998ರಲ್ಲಿ ಯೂಜಿನ್ ಫಾಸ್ಟರ್ ಎಂಬ ವೈದ್ಯರು, ಜೆಫರ್ಸನ್ನನ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬನಾದ ಫೀಲ್ಡ್ ಜೆಫರ್ಸನ್ನನ ಪುರುಷಸಂತತಿಯವರನ್ನೂ, ಸ್ಯಾಲಿಯ ಕಿರಿಯ ಮಗ ಎಸ್ಟನ್ನನ ವಂಶದವನೊಬ್ಬನನ್ನೂ ಪರೀಕ್ಷಿಸಲು ಎಳೆಯ ಗುರುತುಗಳು ಕೂಡಿಬಂದವು. ಎಳೆಯು ಜೆಫರ್ಸನ್ ಮನೆತನದ್ದೆಂದು ಹೇಳಿತೇ ಹೊರತು ಆ ಮನೆತನದ ಯಾವ ಪುರುಷನದೆಂದು ತಾನೇ ಹೇಳಲಿಲ್ಲ. ಚಾರಿತ್ರಿಕ ದಾಖಲೆಗಳನ್ನು ಅದರೊಡನೆ ಕೂಡಿಸಿ ನೋಡಿದ ಮೇಲೆ, ಥಾಮಸನೇ ತಂದೆಯಾಗಿರುವ ಸಂಭವ ಹೆಚ್ಚೆಂದು ಅವನ ಸ್ಮಾರಕವನ್ನು ಕಾಯುವ ಸಂಸ್ಥೆಯೇ 2000ದಲ್ಲಿ ಒಪ್ಪಿತು. ಅದೇ ಪರೀಕ್ಷೆಯಲ್ಲಿ, ತಾವೂ ಜೆಫರ್ಸನ್ನನ ಸಂತತಿಯೆಂದು ತಲೆತಲಾಂತರದಿಂದ ನಂಬಿದ್ದ ವುಡ್‌ಸನ್ ಮನೆತನದವರಲ್ಲಿ ಆ ಗುರುತು ದೊರೆಯಲಿಲ್ಲ. ಒಂದು ಮನೆಯ ಮಾತಿಗೆ ಸಾಕ್ಷಿ ದೊರಕಿತು, ಇನ್ನೊಂದು ಮನೆಯ ನಂಬಿಕೆಗೆ ಪೆಟ್ಟು ಬಿದ್ದಿತು. ಆದರೆ ಈ ಎರಡು ಮನೆಗಳಲ್ಲಿ ಯಾವುದರ ಯೋಗ್ಯತೆಯು ಆ ದಿನ ಹೆಚ್ಚಿತು ಅಥವಾ ಕುಗ್ಗಿತು? ಬಾಳಿ ಬದುಕಿದವರ ದುಡಿಮೆ, ಸಹನೆ, ಸೌಜನ್ಯಗಳು ಪರೀಕ್ಷೆಗೆ ಮುಂಚೆ ಎಷ್ಟಿದ್ದವೋ ಅನಂತರವೂ ಅಷ್ಟೇ ಇದ್ದವು.

ಈ ಎಡೆಯಲ್ಲಿಯೇ ಶರಣರ ಬೋಧೆಯು ಬೆಳಕಾಗಿ ಒದಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬ್ರಾಹ್ಮಣ ಕುಲದಲ್ಲಿ ಜನಿಸಿದವರಾಗಿಯೂ ಮಾದಾರ ಚೆನ್ನಯ್ಯನನ್ನು, ಡೋಹಾರ ಕಕ್ಕಯ್ಯನನ್ನು ತಮ್ಮ ಹಿರಿಯರೆಂದು ಕರೆದುಕೊಂಡರು. ಅದು ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಭಕ್ತಿಯೇ ವಂಶವೆಂಬ ನಿರ್ಣಯವಾಗಿತ್ತು. ಗುರುವಿನಿಂದ ಇಷ್ಟಲಿಂಗವನ್ನು ಪಡೆದವನು ಗುರುಕರಜಾತನು; ಅವನ ಪೂರ್ವಾಶ್ರಯವನ್ನು ಕೆದಕಿ ಕೇಳುವುದು ಧರ್ಮಕ್ಕೆ ಸಲ್ಲದು. ಜನನಸೂತಕ, ಜಾತಿಸೂತಕಗಳನ್ನೂ ಎಂಜಲಸೂತಕವನ್ನೂ ಶರಣರು ಒಟ್ಟಿಗೇ ನಿರಾಕರಿಸಿದರು. ಇಂದು ಎಂಜಲಿನಲ್ಲಿಯೇ ಜನನವನ್ನೂ ಜಾತಿಯನ್ನೂ ಅರಸಹೊರಡುವವರು ಈ ಮಾತನ್ನು ನೆನೆಯಬೇಕು. ಹರಳಯ್ಯ ಮಧುವರಸರು ಕುಲವನ್ನು ಎಣಿಸದೆ ಮಕ್ಕಳ ವಿವಾಹವನ್ನು ನೆರವೇರಿಸಿ ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಪರಂಪರೆಯು ಹೇಳುತ್ತದೆ. ಅಂಥವರ ಹೆಸರನ್ನು ನಿತ್ಯ ಸ್ಮರಿಸುವವರು, ಕನ್ಯೆಯನ್ನು ನೋಡಲು ಹೋದಾಗ ಮನೆತನದ ಬೇರನ್ನು ತೋಡುವುದು ಎಂತಹ ಭಕ್ತಿ? ಗೃಹಸ್ಥರ ಅಡ್ಡಹೆಸರುಗಳನ್ನೇ ನೋಡಿದರೂ ಸಾಕು. ಪಾಟೀಲ, ದೇಸಾಯಿ ಎಂಬವು ಅಧಿಕಾರದಿಂದ ಬಂದವು. ಅಂಗಡಿ, ಬಡಿಗೇರ ಎಂಬವು ಕಾಯಕದಿಂದ ಬಂದವು. ಎಷ್ಟೋ ಹೆಸರುಗಳು ಊರಿನಿಂದ ಬಂದವು. ಒಂದೇ ಹೆಸರನ್ನು ಹಲವು ಸಮಾಜದವರು ಧರಿಸಿದ್ದಾರೆ. ಅವು ಕಾಯಕವನ್ನೂ ನೆಲವನ್ನೂ ನೆನಪಿಸುತ್ತವೆಯೇ ಹೊರತು ರಕ್ತದ ಏಕತೆಯನ್ನು ಸಾಧಿಸುವುದಿಲ್ಲ.

ಹಾಗೆಂದು ಮೂಲವನ್ನು ಅರಸುವವರನ್ನು ಹಳಿಯಬಾರದು. ಹೆತ್ತವರನ್ನು ಕಾಣದೆ ಬೆಳೆದ ಅನಾಥನಿಗೂ, ಪೂರ್ವಜರು ದಾಸರಾಗಿ ಮಾರಾಟವಾದುದರಿಂದ ಒಡೆಯನ ಹೆಸರನ್ನೇ ಹೊತ್ತು ಬಾಳುವವನಿಗೂ ಈ ಶೋಧನೆಯು ಕಣ್ಣೀರನ್ನು ಒರೆಸುವ ಕೈಯಾಗಬಲ್ಲದು. ವಂಶದಲ್ಲಿ ಬರುವ ರೋಗಗಳನ್ನು ತಿಳಿಯುವುದಕ್ಕೂ ಡಿ.ಎನ್.ಎ. ಪರೀಕ್ಷೆಯು ವೈದ್ಯರ ಕೈಯಲ್ಲಿ ಉಪಯುಕ್ತವೇ. ಆದರೆ ಕುತೂಹಲಕ್ಕಾಗಿ ಪರೀಕ್ಷೆ ಮಾಡಿಸಿಕೊಂಡವನಿಗೆ, ತಾನು ತಂದೆಯೆಂದು ಕರೆದವನಿಂದ ಆ ಎಳೆಯು ಬಂದಿಲ್ಲವೆಂದು ತಿಳಿದುಬಂದರೆ ಏನು ಮಾಡಬೇಕು? ಅಂತಹ ಮನೆಗಳು ಇಂದು ಲೋಕದಲ್ಲಿ ಇವೆ. ಆಗ ಮಗನು ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಮುನ್ನ ಒಂದು ಗಳಿಗೆ ಸುಮ್ಮನಿರಬೇಕು. ಅವಳು ಏನನ್ನು ಸಹಿಸಿದಳೋ, ಯಾವ ಬಲಾತ್ಕಾರಕ್ಕೆ ಒಳಗಾದಳೋ ಪರೀಕ್ಷಾಲಯದ ಕಾಗದವು ಹೇಳುವುದಿಲ್ಲ. ಹೆಗಲ ಮೇಲೆ ಹೊತ್ತು ಜಾತ್ರೆಯನ್ನು ತೋರಿಸಿದವನು, ಜ್ವರ ಬಂದ ರಾತ್ರಿ ಎದ್ದು ಕುಳಿತವನು, ದುಡಿದು ತಂದ ರೊಟ್ಟಿಯಲ್ಲಿ ಮೊದಲ ತುತ್ತನ್ನು ಮಗನಿಗೆ ಇಟ್ಟವನು ತಂದೆಯೇ. ಆ ಋಣವನ್ನು ಯಾವ ಪರೀಕ್ಷೆಯೂ ಅಳಿಸಲಾರದು. ಹುಟ್ಟಿದ ಕೂಸಂತೂ ಎಲ್ಲ ದೋಷದಿಂದಲೂ ಮುಕ್ತವಾದುದು. ಜನನಸೂತಕವಿಲ್ಲವೆಂಬ ಶರಣವಾಣಿಯ ತಿರುಳು ಇದೇ.

ಆದುದರಿಂದ ಸದ್ಭಕ್ತರು ಈ ವಿದ್ಯೆಯನ್ನು ಕಂಡು ಹೆದರಬೇಕಾಗಿಲ್ಲ, ಅದಕ್ಕೆ ಮರುಳಾಗಬೇಕಾಗಿಯೂ ಇಲ್ಲ. ಅದು ದೇಹವು ಬಂದ ದಾರಿಯಲ್ಲಿ ಒಂದು ಎಳೆಯನ್ನು ತೋರಿಸುವುದು. ಆ ದೇಹದಿಂದ ಯಾವ ಕಾಯಕ ನಡೆಯಿತು, ಯಾವ ದಾಸೋಹ ಸಂದಿತು, ಹಸಿದು ಬಂದವನಿಗೆ ಬಾಗಿಲು ತೆರೆಯಿತೇ ಇಲ್ಲವೇ ಎಂಬ ಪರೀಕ್ಷೆಯು ಪ್ರತಿದಿನವೂ ಮನೆಯಂಗಳದಲ್ಲಿಯೇ ನಡೆಯುತ್ತಿದೆ. ಅದರಲ್ಲಿ ಉತ್ತೀರ್ಣನಾದವನೇ ಕುಲಜನು.