ಕೆಟ್ಟ ರಿಸೀವರನ್ನು ಬಳಸುವ ನ್ಯಾಯ

ಒಂದು ಅಂಗ ಕೆಟ್ಟ ಮಾತ್ರಕ್ಕೆ ವಸ್ತುವೇ ಕೆಟ್ಟಿತೆಂದು ಹೇಳಬಹುದೆ? ಕೊಂಬು ಮುರಿದ ಎತ್ತನ್ನು ಯಾವ ರೈತನೂ ಕೊಟ್ಟಿಗೆಯಿಂದ ಹೊರಗೆ ಅಟ್ಟುವುದಿಲ್ಲ. ಕೊಂಬಿಲ್ಲದಿದ್ದರೂ ಅದು ಗಳೆ ಎಳೆಯುತ್ತದೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರದ ಮಾತು ಬಂದಾಗ ನಮ್ಮ ನ್ಯಾಯ ಬದಲಾಗುತ್ತದೆ. ಸ್ವಲ್ಪ ಕೆಟ್ಟರೆ ಗುಜರಿಗೆ ಹಾಕುತ್ತೇವೆ, ಇಲ್ಲವೆ ಅಪಾಯವನ್ನೂ ಲೆಕ್ಕಿಸದೆ ಹೇಗೋ ನಡೆಸುತ್ತೇವೆ. ಎರಡೂ ಅವಿವೇಕವೇ.

ಮನೆಯ ಟಿ.ವಿ.ಗೂ ಸ್ಪೀಕರುಗಳಿಗೂ ನಡುವೆ ಇರುವ ಎ.ವಿ. ರಿಸೀವರನ್ನೇ ನೋಡಿರಿ. ಹೊರಗಿನಿಂದ ಒಂದೇ ಪೆಟ್ಟಿಗೆ, ಒಳಗೆ ಅವಿಭಕ್ತ ಕುಟುಂಬ. ರೇಡಿಯೊ ಹಿಡಿಯುವ ಟ್ಯೂನರ್ ಒಂದು, ಧ್ವನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಒಂದು, ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯಲ್ಲಿ ತರುವ ಎಚ್.ಡಿ.ಎಂ.ಐ. ಬೋರ್ಡು ಇನ್ನೊಂದು. ಅನೇಕ ಸಲ ಮೊದಲು ಕೈಕೊಡುವುದು ಈ ಬೋರ್ಡು. ಆಗ ಪರದೆ ಕಪ್ಪಾಗುತ್ತದೆ, ಧ್ವನಿಯೂ ಬರುವುದಿಲ್ಲ. ರಿಸೀವರ್ ಸತ್ತಿತೆಂದು ಮನೆಮಂದಿ ತೀರ್ಮಾನಿಸುತ್ತಾರೆ. ಆದರೆ ಆಂಪ್ಲಿಫೈಯರಿಗೆ ಏನೂ ಆಗಿರುವುದಿಲ್ಲ. ಡಿಶ್‌ನ ತಂತಿಯನ್ನು ನೇರವಾಗಿ ಟಿ.ವಿ.ಗೆ ಕೊಟ್ಟು, ಟಿ.ವಿ.ಯ ಆಪ್ಟಿಕಲ್ ಅಥವಾ ಹೆಡ್‌ಫೋನ್ ತೂತಿನಿಂದ ಧ್ವನಿಯನ್ನಷ್ಟೇ ರಿಸೀವರಿಗೆ ತಂದರೆ ಅದು ಮತ್ತೆ ಹಾಡಬಹುದು. ಡಿಜಿಟಲ್ ಭಾಗವೇ ಪೂರ್ತಿ ಹೋಗಿದ್ದರೂ, ಕೆಲವು ಮಾದರಿಗಳಲ್ಲಿ ಹಿಂಬದಿಯ ಬಹುಚಾನೆಲ್ ಅನಲಾಗ್ ತೂತುಗಳು ಅದನ್ನು ಬಳಸಿಕೊಂಡು ಹೋಗದೆ ನೇರ ಆಂಪ್ಲಿಫೈಯರಿಗೆ ದಾರಿ ಕೊಡುತ್ತವೆ. ಆಂಪ್ಲಿಫೈಯರ್ ಕೆಟ್ಟು ಉಳಿದುದು ಚೆನ್ನಾಗಿದ್ದರೆ, ಪ್ರಿ-ಔಟ್ ಇರುವ ರಿಸೀವರಿಗೆ ಬೇರೊಂದು ಆಂಪ್ಲಿಫೈಯರ್ ಜೋಡಿಸಬಹುದು.

ಇಷ್ಟು ಉಳಿತಾಯ ಧರ್ಮಸಮ್ಮತವೇ. ಆದರೆ ಎಲ್ಲ ದೋಷಗಳೂ ಒಂದೇ ಜಾತಿಯವಲ್ಲ. ಹಚ್ಚಿದ ಕೆಲವು ಕ್ಷಣಗಳಲ್ಲಿ 'ಪ್ರೊಟೆಕ್ಟ್' ಎಂದು ತೋರಿಸಿ ತಾನೇ ಆರಿಹೋಗುವ ರಿಸೀವರ್ ಹಠ ಮಾಡುತ್ತಿಲ್ಲ, ಎಚ್ಚರಿಸುತ್ತಿದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಡಿ.ಸಿ. ವಿದ್ಯುತ್ತು ಸ್ಪೀಕರಿಗೆ ಹರಿದರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಪ್ಲಗ್ ತೆಗೆದು, ಸ್ಪೀಕರ್ ತಂತಿಗಳನ್ನೆಲ್ಲ ಬಿಚ್ಚಿ, ಮತ್ತೆ ಹಚ್ಚಿ ನೋಡಿರಿ. ಆರದೆ ನಿಂತರೆ ದೋಷ ತಂತಿಯಲ್ಲೋ ಸ್ಪೀಕರಿನಲ್ಲೋ ಇರಬಹುದು. ತಂತಿಯ ಒಂದು ಎಳೆ ಪಕ್ಕದ್ದಕ್ಕೆ ತಗಲಿದರೂ ಸಾಕು. ಆಗಲೂ ಆರಿದರೆ ದೋಷ ಒಳಗಿದೆ. ಅಲ್ಲಿಗೆ ನಮ್ಮ ಜಾಣತನ ನಿಲ್ಲಬೇಕು. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತುವುದು, ರಿಲೇಯನ್ನು ಬೆಸೆದುಬಿಡುವುದು ಮಿತವ್ಯಯವಲ್ಲ. ಮಕ್ಕಳು ಮಲಗುವ ಮನೆಯಲ್ಲಿ ಕಾವಲುಗಾರನ ಕಣ್ಣು ಕಟ್ಟಿದಂತೆ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ, ಬಲ್ಲವರೇ ಕೈಹಾಕಲಿ. ಅಂದಹಾಗೆ, ರಿಸೀವರಿನ ಮೇಲೆ ಕಸೂತಿ ಬಟ್ಟೆ ಹೊದಿಸುವ ಅಕ್ಕಂದಿರು ದಯಮಾಡಿ ಅದನ್ನು ತೆಗೆಯಬೇಕು. ಶಾಖ ಹತ್ತು ಡಿಗ್ರಿ ಇಳಿದರೆ ಕೆಪಾಸಿಟರಿನ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ.

2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ವಿಚಾರಕ್ಕೆ ಸಮಿತಿ ನೇಮಿಸಿತು. ಕೃಷಿ ಉಪಕರಣಗಳೂ ಅದರ ಪಟ್ಟಿಯಲ್ಲಿದ್ದವು. ಹಕ್ಕಿನ ಮಾತು ಸರಿ. ಅದರ ಜೊತೆಗೆ ಬರುವ ಹೊಣೆ ವ್ಯಾಪಾರಿ ಬಂಧುಗಳಿಗೆ ಹೆಚ್ಚು ಅರ್ಥವಾದೀತು. ಎಚ್.ಡಿ.ಎಂ.ಐ. ಸತ್ತ ರಿಸೀವರನ್ನು ಅಂಗಡಿಯಲ್ಲಿ ರೇಡಿಯೊ ಹಾಡಿಸಿ ತೋರಿಸಿ ಮಾರಿದರೆ, ಬಾಯಿಂದ ಒಂದೂ ಸುಳ್ಳು ಹೊರಡದಿದ್ದರೂ ತಕ್ಕಡಿಯಲ್ಲಿ ಮೋಸವಾಗಿಯೇ ಇದೆ. ಅದಕ್ಕಿಂತ ಸೂಕ್ಷ್ಮವಾದುದು ದಾನ. ಪದೇ ಪದೇ ಆರುವ ಪೆಟ್ಟಿಗೆಯನ್ನು ಮಠಕ್ಕೋ ಶಾಲೆಗೋ ಕೊಟ್ಟು ಹೆಸರು ಬರೆಸಿಕೊಳ್ಳುವವರು ಕೊಟ್ಟದ್ದೇನು? ರಿಪೇರಿಯ ಖರ್ಚನ್ನು ಮತ್ತೊಬ್ಬರಿಗೆ ದಾಟಿಸಿದ್ದಾರೆ, ಅಷ್ಟೆ.

ಕೊಡುವುದಾದರೆ ಪೆಟ್ಟಿಗೆಯ ಹಿಂಬದಿಗೆ ಒಂದು ಚೀಟಿ ಅಂಟಿಸಿ, ಯಾವ ತೂತು ಸತ್ತಿದೆ, ಯಾವುದು ನಡೆಯುತ್ತದೆ, ಯಾವ ಸ್ಪೀಕರಿಗೆ ಧ್ವನಿ ಬರುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮನೆಯಲ್ಲೇ ಇಟ್ಟುಕೊಳ್ಳುವುದಾದರೂ ಬರೆಯಿರಿ. ನಾಳೆ ಅದನ್ನು ಹಚ್ಚುವವರು ನಿಮ್ಮ ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ.